ಯಾವ ಬಣ್ಣಕ್ಕೆ ಏಳಬೇಕು?

ಊರು ಅಂದ ಮೇಲೆ ಅಲ್ಲೊಬ್ಬ ಸಾವ್ಕಾರ ಇರಲೇಬೇಕಲ್ಲ, ಇದ್ದ. ಅವನಿಗೆ ಮೆಣಸಿನಕಾಯಿ ದಲಾಲಿ ಅಂಗಡಿ ಇತ್ತು, ಮಹಡಿ ಮನೆ ಇತ್ತು, ಒಂದು ಕೆಂಪು ಕಾರಿತ್ತು. ಆದರೆ ಅಕ್ಕಂದಿರೇ, ಅಣ್ಣಂದಿರೇ, ಇವತ್ತಿನ ಕಥೆ ಸಾವ್ಕಾರನದಲ್ಲ. ಅವನ ಕಥೆ ಹೇಳಿ ಹೇಳಿ ನಮ್ಮ ಬಾಯಿ ಒಣಗಿದೆ. ಇದು ಆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದವನ ಕಥೆ. ಅವನ ಡ್ರೈವರ್ ಗುಡದಪ್ಪನ ಕಥೆ.

ಆ ಕೆಂಪು ಎಂಥ ಕೆಂಪು ಅಂತೀರಿ? ಕಣದಲ್ಲಿ ಹರವಿದ ಬ್ಯಾಡಗಿ ಮೆಣಸಿನಕಾಯಿ ಬಿಸಿಲುಂಡು ಸುಕ್ಕುಗಟ್ಟುವಾಗ ಒಮ್ಮೆ ಮಿಂಚುತ್ತದೆ ನೋಡಿ, ಆ ಕೆಂಪು. ಊರಿನಲ್ಲಿ ಆ ಬಣ್ಣದ ಕಾರು ಅದೊಂದೇ. ಬೇರೆಯವರು ತರಬಾರದು ಅಂತ ಯಾರೂ ಡಂಗುರ ಹೊಡೆಸಿರಲಿಲ್ಲ. ಹೊಡೆಸುವ ಅಗತ್ಯವೇ ಇರಲಿಲ್ಲ. ಬರೆದಿಟ್ಟ ಕಾನೂನನ್ನು ಮುರಿಯುವವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಬರೆಯದ ಕಾನೂನನ್ನು ಮುರಿಯುವವನನ್ನು ಹುಡುಕಿ ತನ್ನಿ ನೋಡೋಣ.

ಆ ಊರಿಗೊಂದು ಪದ್ಧತಿ ಇತ್ತು. ಬಸ್‌ಸ್ಟ್ಯಾಂಡಿನ ಎದುರು ಒಂದು ಚಹಾದಂಗಡಿ, ಅದರ ಮುಂದೆ ಉದ್ದನೆಯ ಬೆಂಚು, ಬೆಂಚಿನ ತುಂಬ ಊರ ಗಂಡಸರು. ದೂರದ ತಿರುವಿನಲ್ಲಿ ಕೆಂಪು ಕಂಡಿತೋ, ಎಲ್ಲರೂ ಎದ್ದು ನಿಲ್ಲಬೇಕು. ಬೀಡಿ ಸೇದುವವ ಅದನ್ನು ಬೆನ್ನ ಹಿಂದೆ ಅಡಗಿಸಬೇಕು. ಹೆಗಲ ಮೇಲೆ ಟವೆಲ್ ಇದ್ದವ ಅದನ್ನು ಕೈಗೆ ಇಳಿಸಬೇಕು. ಕಾರು ಹೋಗಿ, ಧೂಳು ಕೂತ ಮೇಲೆ ಇವರು ಕೂರಬೇಕು. ಸಾವ್ಕಾರ ಅದನ್ನು ನೋಡುತ್ತಿದ್ದನೇ? ಎಲ್ಲಿಯ ಮಾತು! ಹಿಂದಿನ ಸೀಟಿನಲ್ಲಿ ಅವನು ಫೋನು ಕಿವಿಗೆ ಒತ್ತಿಕೊಂಡು ಪೇಟೆಯ ದರ ವಿಚಾರಿಸುತ್ತಿದ್ದ, ಇಲ್ಲವೇ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಎಷ್ಟೋ ಸಲ ಕಾರಿನಲ್ಲಿ ಅವನೇ ಇರುತ್ತಿರಲಿಲ್ಲ. ಅವನ ಮನೆಯ ನಾಯಿಯನ್ನು ದನದ ದವಾಖಾನೆಗೆ ಕರೆದುಕೊಂಡು ಹೋದ ದಿನವೂ ಊರು ಎದ್ದು ನಿಂತಿತ್ತು. ನಗಬೇಡಿ. ನಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲರ ಗೌರವ ಸ್ವೀಕರಿಸಿತು.

ನೋಡುತ್ತಿದ್ದವನು ಒಬ್ಬನೇ, ಗುಡದಪ್ಪ. ಬೆಂಚಿನಿಂದ ಒಂದು ಮಾರು ದೂರದಲ್ಲಿ, ಒಂದು ಕಲ್ಲಿನ ಮೇಲೆ, ಒಬ್ಬ ಮುದುಕ ಕೂತಿರುತ್ತಿದ್ದ. ಕೆಳಗಿನ ಕೇರಿಯವ, ಬೆಂಚಿನ ಮೇಲೆ ಅವನಿಗೆ ಜಾಗ ಇಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಮೊಣಕಾಲು ಸವೆಸಿಕೊಂಡ ಹಮಾಲ. ಎಲ್ಲರೂ ಎದ್ದಾಗ ಅವನೂ ಏಳುತ್ತಿದ್ದ. ಹೇಗೆ ಏಳುತ್ತಿದ್ದ? ಮೊದಲು ಒಂದು ಕೈ ನೆಲಕ್ಕೆ. ಆಮೇಲೆ ಇನ್ನೊಂದು ಕೈ ಮೊಣಕಾಲಿಗೆ. ಆಮೇಲೆ ಹಲ್ಲು ಕಚ್ಚಿ ಇಡೀ ಮೈಯನ್ನು ಒಂದು ಚೀಲದ ಹಾಗೆ ಎತ್ತಿ ನಿಲ್ಲಿಸುತ್ತಿದ್ದ. ಆ ಮುದುಕ ಗುಡದಪ್ಪನ ಅಪ್ಪ.

ತಿಳಿಯಿತೇ? ಮಗ ಕಾರು ನಡೆಸುತ್ತಾನೆ, ಅಪ್ಪ ಕಾರಿಗೆ ಎದ್ದು ನಿಲ್ಲುತ್ತಾನೆ. ಬ್ರೇಕು ಮಗನ ಕಾಲಡಿಯಲ್ಲೇ ಇದೆ, ಒತ್ತುವ ಹಾಗಿಲ್ಲ.

ಒಂದು ದಿನ ಮನೆಯಲ್ಲಿ ಕೇಳಿಯೇಬಿಟ್ಟ. “ಅಪ್ಪಾ, ನಾ ನಡಸೂ ಕಾರಿಗೆ ನೀ ಯಾಕ ಏಳ್ತಿ?”

“ನಡಸಿದ್ರ ನಿಂದಾತೇನಲೇ?” ಅಂದ ಮುದುಕ, ರೊಟ್ಟಿ ಮುರಿಯುತ್ತ. “ನಿಂದ ಸ್ವಂತ ಕಾರು ಬರಲಿ, ಕುಂತ ಮಾತಾಡಸ್ತೀನಿ. ಬೇಕಾದ್ರ ಮಲಕೊಂಡ ಮಾತಾಡಸ್ತೀನಿ.”

ಮುದುಕ ಚೇಷ್ಟೆಗೆ ಅಂದ. ಮಗ ಅದನ್ನು ಎದೆಗೆ ಹಾಕಿಕೊಂಡ. ಸಾವ್ಕಾರನ ಕೆಲಸ ಬಿಟ್ಟ, ಬ್ಯಾಂಕಿನ ಸಾಲ ಮಾಡಿ ಸ್ವಂತದ್ದೊಂದು ಬಾಡಿಗೆ ಕಾರು ಕೊಳ್ಳಲು ಶೋರೂಮಿಗೆ ಹೋದ. ಅಲ್ಲಿದ್ದ ಹುಡುಗಿ ನಗುತ್ತ ಕೇಳಿದಳು: “ಯಾವ ಕಲರ್ ಬೇಕ್ರಿ ಅಣ್ಣಾ?”

ಗುಡದಪ್ಪ ಕಕ್ಕಾಬಿಕ್ಕಿಯಾದ. ಯಾಕೆ ಗೊತ್ತೇ? ಅಷ್ಟು ವಯಸ್ಸಾದರೂ ಅವನನ್ನು ಯಾರೂ ಆ ಮಾತು ಕೇಳಿರಲಿಲ್ಲ. ಶಾಲೆಯ ಅಂಗಿಯ ಬಣ್ಣ ಸರಕಾರ ಆರಿಸಿತ್ತು. ಹಾಸ್ಟೆಲಿನ ಚಾದರದ ಬಣ್ಣ ಟೆಂಡರು ಹಿಡಿದವ ಆರಿಸಿದ್ದ. ಡ್ರೈವರ್ ಡ್ರೆಸ್ಸಿನ ಬಣ್ಣ ಸಾವ್ಕಾರನ ಹೆಂಡತಿ ಆರಿಸಿದ್ದಳು. ಮದುವೆಯ ದಿನ ಉಟ್ಟ ಧೋತರ ಕೂಡ ಯಾರೋ ಕೊಟ್ಟದ್ದು. “ನಾಳೆ ಹೇಳ್ತೀನ್ರೀ ಯವ್ವಾ” ಅಂತ ಮನೆಗೆ ಬಂದ.

ನೋಡಿ, ಒಬ್ಬ ಮನುಷ್ಯ ಕಾರು ಕೊಳ್ಳುತ್ತಾನೆ ಅಂದರೆ ಬಣ್ಣ ಹೇಳುವುದಕ್ಕೆ ಊರೆಲ್ಲ ಬಾಯಿ ತೆರೆಯುತ್ತದೆ. ಮೆಕ್ಯಾನಿಕ್ ಅಂದ: “ಬಿಳೀದು ತಗೋ ಮಾರಾಯಾ, ನಮ್ಮ ಕಡೀ ಬಿಸಲಿಗೆ ಬಿಳೀದ ತಂಪು. ಮುಂದ ಮಾರಾಕೂ ಚಲೋ.” ಹೆಂಡತಿ ಅಂದಳು: “ಬೂದಿ ಬಣ್ಣದ್ದು ತಗೋರಿ, ಧೂಳು ಕಾಣೂದಿಲ್ಲ. ದಿನಾ ತೊಳಿಯೂದು ತಪ್ಪತೈತಿ.” ಭಾವ ಅಂದ: “ಕರೀದಿದ್ರ ಮಂದಿ ಅಂಜತಾರ.” ಜ್ಯೋತಿಷಿ ರಾಶಿ ಕೇಳಿ, ಬೆರಳು ಮಡಿಚಿ, ಕೆನೆಬಣ್ಣ ಅಂದ. ತಂಪಿನ ಮಾತು ಸುಳ್ಳೇ? ಅಲ್ಲ. ಧೂಳಿನ ಮಾತು ಸುಳ್ಳೇ? ಅಲ್ಲ. ಆದರೆ ಎದೆ ಮುಟ್ಟಿ ಹೇಳಿ, ನಾವು ಕಾರಿನ ಬಣ್ಣ ಆರಿಸುವುದು ಬಿಸಿಲು ನೋಡಿಯೋ, ದಾರಿಯಲ್ಲಿ ಕೂತವರ ಮುಖ ನೋಡಿಯೋ?

ಗುಡದಪ್ಪ ಯಾರ ಮುಖವನ್ನೂ ನೋಡಲಿಲ್ಲ. ತನ್ನ ಎರಡು ಅಂಗೈ ನೋಡಿಕೊಂಡ. ಪ್ರತಿ ಮುಂಜಾನೆ ಆ ಕೆಂಪನ್ನು ತೊಳೆದದ್ದು ಆ ಕೈ, ಒರೆಸಿದ್ದು ಆ ಕೈ, ಗೀರು ಬಿದ್ದಾಗ ಬೈಸಿಕೊಂಡದ್ದು ಅವನು. ಆ ಬಣ್ಣವನ್ನು ಸಾವ್ಕಾರ ಕೊಂಡಿದ್ದ, ಇವನು ಸಾಕಿದ್ದ. ಮರುದಿನ ಹೋಗಿ, “ಕೆಂಪು” ಅಂದ. “ಇದಲ್ಲವ್ವಾ, ಇನ್ನೂ ಒಂಚೂರು ಕಡು. ಹಾಂ, ಅದ.”

ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ ಕಟ್ಟಿ, ಗಾಲಿಯಡಿ ನಿಂಬೆಹಣ್ಣು ಒಡೆಸಿ, ಗುಡದಪ್ಪ ಊರೊಳಗೆ ಬಂದ. ತಿರುವಿನಲ್ಲಿ ಕೆಂಪು ಕಂಡಿತು. ಬೆಂಚು ಎದ್ದಿತು. ಬೀಡಿ ಬೆನ್ನ ಹಿಂದೆ ಹೋಯಿತು. ಟವೆಲ್ ಕೈಗಿಳಿಯಿತು. ಆಚೆ ಕಲ್ಲಿನ ಮೇಲಿಂದ ಒಂದು ಕೈ ನೆಲಕ್ಕೆ, ಒಂದು ಕೈ ಮೊಣಕಾಲಿಗೆ. ಅಪ್ಪನೂ ಎದ್ದ!

ಗುಡದಪ್ಪ ಗಾಜು ಇಳಿಸಿದ. “ಅಪ್ಪಾ, ನಾನ. ಕಾರು ನಮ್ಮದು.”

ಮುದುಕ ಕೂತನೇ? ಇಲ್ಲ. ನಿಂತೇ ಇದ್ದ. ಬಣ್ಣಕ್ಕೆ ಎದ್ದ ಕಾಲು ಮಗನ ಮುಖ ನೋಡಿ ಮಡಚಲಿಲ್ಲ. ಅಷ್ಟರಲ್ಲಿ ಬೆಂಚಿನಿಂದ ಗಲಾಟೆ ಎದ್ದಿತು.

“ಅಯ್ಯ ಇವನ! ಇಂವಾ ಹಮಾಲನ ಮಗಾ ಗುಡದ್ಯಾ!”

“ಥೂ, ಇವಗ ಎದ್ದ ನಿಂತ್ವೇನ್ಲೇ ನಾವು?”

ಸಿಟ್ಟಾದದ್ದು ಯಾರು ನೋಡಿ. ಸಾವ್ಕಾರನಲ್ಲ, ಅವನಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಸಿಟ್ಟಾದದ್ದು ಬೆಂಚು! ನಾಯಿಗೆ ಎದ್ದಾಗ ಅವಮಾನ ಆಗಲಿಲ್ಲ. ಖಾಲಿ ಸೀಟಿಗೆ ಎದ್ದಾಗ ಅವಮಾನ ಆಗಲಿಲ್ಲ. ಕೇರಿಯ ಮನುಷ್ಯನಿಗೆ ಎದ್ದೆವು ಅಂದ ಕೂಡಲೇ ಮೊಣಕಾಲಿಗೆ ಮಾನ ಬಂತು. ಸಾವ್ಕಾರನ ದೊಡ್ಡಸ್ತಿಕೆಗೆ ಕಾವಲು ಕೂತದ್ದು ಸಾವ್ಕಾರನಲ್ಲ, ಸ್ವಾಮೀ. ಅವನಿಂದ ಒಂದು ಲೋಟ ಚಹಾ ಕೂಡ ಸಿಗದ ಆ ಬೆಂಚು.

ಊರ ನ್ಯಾಯ ಬಗೆಹರಿಸುವ ಕಟ್ಟೆಯ ಹಿರಿಯ ಅಪ್ಪಣೆ ಕೊಡಿಸಿದ. “ಬಣ್ಣ ಬದಲಿ ಮಾಡಸು. ಇಲ್ಲಾಂದ್ರ ಊರಾನ ಒಂದು ಬಾಡಿಗಿನೂ ನಿನಗ ಬರೂದಿಲ್ಲ.”

ಅಪ್ಪನೇ ಮನೆಯಲ್ಲಿ ಕೈ ಹಿಡಿದುಕೊಂಡ. “ಮಗಾ, ಬ್ಯಾರೇ ಬಣ್ಣ ಹೊಡಸಿಬಿಡೋ. ಊರು ಎದುರು ಹಾಕ್ಕೊಂಡು ಬಾಳೇ ಮಾಡಾಕಾಗತೈತೇನು?”

ಅಪ್ಪ ಕೂರಲಿ ಅಂತ ಕಾರು ತಂದರೆ, ಆ ಕಾರಿನ ದೆಸೆಯಿಂದ ಅಪ್ಪ ಇನ್ನಷ್ಟು ಬಗ್ಗಿದನಲ್ಲ! ಮರುದಿನ ಮುಂಜಾನೆ ಗುಡದಪ್ಪ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿದು, ಬೆಂಚಿನ ಎದುರು ನಿಂತ.

“ಬದಲಿ ಮಾಡಸ್ತೀನ್ರಿ. ಯಾವ ಬಣ್ಣ ಹೊಡಸಲಿ? ನೀವ ಹೇಳ್ರಿ.”

“ಬಿಳೀದು ಹೊಡಸು” ಅಂದ ಚಹಾದಂಗಡಿಯವ.

“ಏ, ಬಿಳೀದು ಎಮ್ಮೆಲ್ಲೆ ಸಾಹೇಬ್ರದು” ಅಂದ ಬೀಡಿಯವ. “ಅದಕ್ಕೂ ಏಳ್ತೀವಿ.”

“ಹಂಗಾರ ಕರೀದು?” ಅಂದ ಗುಡದಪ್ಪ.

“ಪೊಲೀಸ್ ಸಾಹೇಬಂದು ಕರೀದು. ನಾವು ಏಳದಿದ್ರ ಲಾಠಿ ಎಬ್ಬಸ್ತೈತಿ.”

“ಬೂದಿ ಬಣ್ಣ?”

“ಸೊಸೈಟಿ ಅಧ್ಯಕ್ಷರದು.”

“ನೀಲಿ?”

“ಕಂತ್ರಾಟದಾರನ ಅಳಿಯಂದು.”

“ಅಳಿಯಗೂ ಏಳ್ತೀರೇನು?”

“ಮಾವ ಒಳಗಿದ್ರ?”

ಕಟ್ಟೆಯ ಹಿರಿಯ ಗಂಟಲು ಸರಿಮಾಡಿಕೊಂಡ. “ಹಸಿರು ಹೊಡಸಲಿ. ಹಸಿರು ನಮ್ಮೂರಾಗ ಯಾರದೂ ಇಲ್ಲ.”

“ಯಾರದೂ ಇಲ್ಲಂದ್ರ ಪರಊರಿನ ದೊಡ್ಡ ಮನಶ್ಯಾಂದ ಇರಬೇಕಲ್ರೀ” ಅಂದ ಬೀಡಿಯವ. “ಅದಕ್ಕ ಮೊದಲ ಏಳಬೇಕು.”

ಪಕ್ಕದಲ್ಲಿ ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿ ಇದನ್ನೆಲ್ಲ ಕೇಳುತ್ತಿದ್ದಳು. ಮೆಂತೆ ಸೊಪ್ಪಿಗೆ ನೀರು ಚಿಮುಕಿಸುತ್ತ ಕೇಳಿದಳು: “ಅಲ್ರೋ ಅಪ್ಪಗೋಳ್ರಾ, ನೀವು ಕುಂದ್ರೂದು ಯಾವ ಬಣ್ಣಕ್ಕ?”

ಬೀಡಿಯವ ಬೆರಳು ಮಡಿಚಿ ಮತ್ತೊಮ್ಮೆ ಎಣಿಸಿದ. ಇದ್ದ ಬಣ್ಣಗಳೆಲ್ಲ ಮುಗಿದಿದ್ದವು. ಒಂದಕ್ಕೂ ಅವರು ಕೂತಿರಲಿಲ್ಲ!

“ವಿಚಾರ ಮಾಡಿ ಒಂದು ಬಣ್ಣ ಹೇಳ್ರಿ” ಅಂದ ಗುಡದಪ್ಪ. “ಅಲ್ಲೀತನಕ ಕೆಂಪು ಇರಲಿ.”

ಇವತ್ತಿನವರೆಗೂ ಹೇಳಿಲ್ಲ. ಅಂದಿನಿಂದ ಊರಲ್ಲಿ ಎರಡು ಕೆಂಪು ಓಡಾಡತೊಡಗಿದವು. ಬೆಂಚಿನ ಪಾಡು ಏನು ಕೇಳುತ್ತೀರಿ! ತಿರುವಿನಲ್ಲಿ ಕೆಂಪು ಕಂಡರೆ ಸಾವ್ಕಾರನೋ, ಗುಡದಪ್ಪನೋ? ಎದ್ದರೆ ಗುಡದಪ್ಪ ಆದಾನು. ಕೂತರೆ ಸಾವ್ಕಾರ ಆದಾನು. ಚಹಾದ ಲೋಟ ಹಿಡಿದು ಅರ್ಧ ಎದ್ದು, ಅರ್ಧ ಕೂತು, ಕುಕ್ಕರಗಾಲಿನಲ್ಲಿ ಒದ್ದಾಡಿದರು. ಚಹಾ ತೊಡೆಯ ಮೇಲೆ ಚೆಲ್ಲಿಕೊಂಡರು. “ಎದ್ದರ ಏಳ್ರಿ, ಕುಂತರ ಕುಂದರ್ರಿ, ಹೀಂಗ ನಡಕ ನಿಂತ್ರ ನನ್ನ ಗಿರಾಕಿ ಓಡಿಹೋಗತಾವು” ಅಂತ ಮುದುಕಿ ಬೈದಳು. ಕೊನೆಗೆ ಮೊಣಕಾಲು ಸೋತವು. ಒಬ್ಬೊಬ್ಬರಾಗಿ ಕೂತೇಬಿಟ್ಟರು. ಬಾಡಿಗೆ ನಿಲ್ಲಿಸುತ್ತೇವೆ ಅಂದವರು ದವಾಖಾನೆಗೆ, ಬೀಗರೂಟಕ್ಕೆ ಅವನದೇ ಕಾರು ಹತ್ತಿದರು.

ಆದರೆ ಒಬ್ಬ ಇನ್ನೂ ಏಳುತ್ತಿದ್ದ. ಆ ಮುದುಕ. ಎರಡೂ ಕಾರಿಗೆ ಏಳುತ್ತಿದ್ದ, ತಪ್ಪಿ ಒಂದಕ್ಕೆ ಕೂತುಬಿಟ್ಟೇನು ಎಂಬ ಭಯಕ್ಕೆ. ಕಟ್ಟಿದವನು ಬಿಟ್ಟರೂ ಕಟ್ಟಿಸಿಕೊಂಡವನಿಗೆ ಹಗ್ಗ ಬಿಚ್ಚಿದ್ದು ತಿಳಿಯುವುದಿಲ್ಲ.

ಒಂದು ಮುಂಜಾನೆ ಗುಡದಪ್ಪ ಬಾಡಿಗೆ ಇಲ್ಲದ ಹೊತ್ತಿನಲ್ಲಿ ಅಪ್ಪನ ಪಕ್ಕ ಕಲ್ಲಿನ ಮೇಲೆ ಕೂತಿದ್ದ. ಇಬ್ಬರ ಕೈಯಲ್ಲೂ ಚಹಾ. ತಿರುವಿನಲ್ಲಿ ಕೆಂಪು ಕಂಡಿತು. ಈ ಸಲ ಅನುಮಾನವಿಲ್ಲ, ಅದು ಸಾವ್ಕಾರನದೇ. ಮುದುಕನ ಕೈ ನೆಲಕ್ಕೆ ಹೋಯಿತು. ಮಗ ಆ ಕೈಯ ಮೇಲೆ ತನ್ನ ಕೈ ಇಟ್ಟ.

“ಅಪ್ಪಾ, ಚಹಾ ಆರತೈತಿ.”

“ಸಾವ್ಕಾರ್ರು ಬಂದ್ರಲೇ!”

“ಬರಲಿ. ನೀ ಚಹಾ ಕುಡಿ.”

ಮುದುಕ ಲೋಟ ಎದೆಗೆ ಒತ್ತಿಕೊಂಡ. ಕಣ್ಣು ಮುಚ್ಚಿದ. ಕಾರು ಬಂತು, ಹತ್ತಿರ ಬಂತು, ಹೋಯಿತು. ಧೂಳು ಎದ್ದಿತು, ಕೂತಿತು. ಕಣ್ಣು ತೆರೆದು ನೋಡಿದರೆ, ಕಾರು ಆಗಲೇ ಯಾರ್ಡಿನ ಕಡೆ ತಿರುಗಿತ್ತು. ಹಿಂದಿನ ಸೀಟಿನಲ್ಲಿ ಸಾವ್ಕಾರ ಫೋನಿನಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದ. ಊರು ಕೂತದ್ದು ಅವನಿಗೆ ಗೊತ್ತೇ ಆಗಲಿಲ್ಲ. ಯಾಕೆ ಗೊತ್ತಾಗಬೇಕು? ಊರು ನಿಂತದ್ದೇ ಅವನಿಗೆ ಗೊತ್ತಿರಲಿಲ್ಲ!

“ಏನೂ ಆಗಲಿಲ್ಲಲ್ಲೋ!” ಅಂದ ಮುದುಕ. ಆಮೇಲೆ ನಕ್ಕ. ಕೆಮ್ಮು ಬರುವ ತನಕ ನಕ್ಕ. “ಇಷ್ಟ ಏನ್ಲೇ ಇದು? ಇಷ್ಟಕ್ಕ ನಾ ಇಷ್ಟು ವರ್ಷ ಎದ್ದಿದ್ನೇನು?” ಕಣ್ಣೊರೆಸಿಕೊಂಡು, ಎರಡೂ ಕಾಲು ಮುಂದಕ್ಕೆ ನೀಡಿ ಚಾಚಿ, ಹುಶ್ ಅಂತ ಉಸಿರು ಬಿಟ್ಟ. ಗುಡದಪ್ಪನಿಗೆ ತನ್ನ ಹೆಗಲಿನಿಂದಲೇ ಯಾರೋ ಮೂಟೆ ಇಳಿಸಿದ ಹಾಗಾಯಿತು.

ಬೆಂಚಿನವರು ಅವರಿಬ್ಬರನ್ನು ತಮ್ಮ ಪಕ್ಕ ಕೂರಲು ಕರೆದರೇ ಅಂತ ಕೇಳುತ್ತೀರಿ. ಕರೆಯಲಿಲ್ಲ. ಸುಳ್ಳು ಸಿಹಿ ತಿನ್ನಿಸಿ ನಿಮ್ಮನ್ನು ಮನೆಗೆ ಕಳಿಸುವವನಲ್ಲ ನಾನು. ಅದು ಇನ್ನೊಂದು ಜಗಳ, ಅದನ್ನೂ ಮಾಡಬೇಕು, ಮಾಡುತ್ತಾರೆ. ಆದರೆ ಆ ಮುದುಕನ ಮೊಣಕಾಲಿಗೆ ಅವತ್ತು ಸ್ವಾತಂತ್ರ್ಯ ಬಂತು. ಅದು ಸಣ್ಣದೇ?

ಈಗ ನಿಮ್ಮ ಮಾತಿಗೆ ಬರೋಣ. ಕಾರು ಕೊಳ್ಳುವವರೇ, ನಿಮಗೆ ಇಷ್ಟವಾದ ಬಣ್ಣ ಕೊಳ್ಳಿ. ಬಿಳಿ ತಂಪು ಅಂದರೆ ಬಿಳಿ ಕೊಳ್ಳಿ. ಆದರೆ ಬಣ್ಣ ಆರಿಸುವಾಗ ದಾರಿಯ ಬದಿಯಲ್ಲಿ ಕೂತವರು ಎದ್ದು ನಿಂತ ಚಿತ್ರ ನಿಮ್ಮ ಕಣ್ಣಿಗೆ ಬಂದರೆ, ಆ ಬಣ್ಣ ಬೇಡ. ಡ್ರೈವರ್ ಇಟ್ಟುಕೊಂಡವರೇ, ನಾಳೆ ಮುಂಜಾನೆ ಅವನ ಮನೆಯವರನ್ನು ವಿಚಾರಿಸಿ. ದಾರಿಯಲ್ಲಿ ಅವನ ಅಪ್ಪ ಕಂಡರೆ, ಹೇಳಿಸಿಕೊಳ್ಳದೆ ಕಾರು ನಿಲ್ಲಿಸಲು ಹೇಳಿ. ದಾರಿಯ ಬದಿಯಲ್ಲಿ ಕೂರುವವರೇ, ನೀವು ಕೂತಿರಿ. ಗಾಲಿಗೆ ಏಳಬೇಡಿ, ಬಣ್ಣಕ್ಕೆ ಏಳಬೇಡಿ. ತಲೆಯ ಮೇಲೆ ಹೊರೆ ಹೊತ್ತು ಬಂದವರು ಕಂಡರೆ ಮಾತ್ರ ಏಳಿ, ಆಗ ಕೈ ಕಟ್ಟಬೇಡಿ, ಹೊರೆಗೆ ಕೈ ಕೊಡಿ. ಮತ್ತು ನಿಮ್ಮ ಪಕ್ಕದವನು ಏಳದೆ ಕೂತರೆ ಅವನನ್ನು ಗದರಬೇಡಿ. ಸಾವ್ಕಾರನ ಕೆಲಸವನ್ನು ಸಾವ್ಕಾರನಿಗೆ ಬಿಡಿ.

ಇನ್ನೊಂದು ಮಾತು. ಇವತ್ತು ಸಂಜೆ ಮಠದ ಕಾರು ಈ ಅಂಗಳಕ್ಕೆ ಬಂದಾಗ ಸ್ವಾಮಿ ಬಂದ ಅಂತ ನೀವೆಲ್ಲ ದಡಬಡ ಎದ್ದಿರಿ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಎದ್ದಿರಿ. ಆ ಕಾರಿನಲ್ಲಿ ಇದ್ದದ್ದು ಮೈಕಿನವನು ಮತ್ತು ಎರಡು ಸ್ಪೀಕರು. ನಾನು ಹಿಂದಿನ ಬಾಗಿಲಿನಿಂದ ನಡೆದು ಬಂದಿದ್ದೆ.

ಪ್ರವಚನ ಮುಗಿಯಿತು. ನಾನಿನ್ನು ಎದ್ದು ಹೊರಡುತ್ತೇನೆ. ನೀವು ಕೂತೇ ಇರಿ.