ಸನ್ಮಾನ ಪತ್ರದ ನಾಲ್ಕನೆಯ ಸಾಲು

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ನಿರ್ದೇಶಕರಾದ ವಿನ್‌ಸ್ಲೊ ಟ್ರೆಂಬ್ಲೆ ಅವರೇ, ಇನ್ನು ಕೆಲವೇ ನಿಮಿಷಗಳಲ್ಲಿ ಸನ್ಮಾನ ಸ್ವೀಕರಿಸಲಿರುವ ಲೊರೇನ್ ಓಡೆಗಾರ್ಡ್ ಅವರೇ, ವಿನ್ಯಾಸ, ಬೆಸುಗೆ, ದುರಸ್ತಿ ವಿಭಾಗಗಳ ಬಂಧುಗಳೇ, ಕಾರ್ಲ್ಸ್‌ಬ್ಯಾಡ್‌ನ ಬೇರೆ ಗಾಲ್ಫ್ ಕಂಪನಿಗಳಿಂದ ಊಟದ ನೆಪದಲ್ಲಿ ಬಂದು ನಮ್ಮ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಸಿ ನೋಡುತ್ತಿರುವ ಮಹನೀಯರೇ, ಹಾಗೂ ಸಭಿಕರೇ,

ಈ ರೋಹೆಲಿಯೊ ಬಾಲ್ಟಿಯೆರಾನಿಗೆ ಮಾತನಾಡಲು ಹತ್ತು ನಿಮಿಷ ಕೊಟ್ಟಿದ್ದಾರೆ. ಯಾಕೆ ಕೊಟ್ಟರು? ಇಪ್ಪತ್ತಾರು ವರ್ಷ ಪರೀಕ್ಷಾ ಕೊಠಡಿಯಲ್ಲಿದ್ದೇನೆ, ಒಂದು ದಿನವೂ ಯಾರೂ ನನ್ನ ಕೈಗೆ ಮೈಕು ಕೊಟ್ಟವರಲ್ಲ. ಇಂದು ಬೆಳಿಗ್ಗೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಊಟಕ್ಕಿಟ್ಟ ಮೀನಿನ ಟಾಕೋ ರೊಟ್ಟಿ ತಿನ್ನುವಾಗಲೂ ಅದನ್ನೇ ಯೋಚಿಸಿದೆ. ಆ ಮೀನೂ ಇವತ್ತಿನದಲ್ಲ ಎಂಬುದು ನನ್ನ ಅನುಮಾನ, ಇರಲಿ.

ನನ್ನದು ಅನುಮಾನದ ಕೆಲಸ. ವಿನ್ಯಾಸಕಾರರು ಗಾಲ್ಫ್ ದಾಂಡಿನ ಕನಸು ಕಾಣುತ್ತಾರೆ, ನಾನು ಅದನ್ನು ಯಂತ್ರದ ತೋಳಿಗೆ ಕಟ್ಟಿ ಬೀಸಿಸುತ್ತೇನೆ. ನಮ್ಮಪ್ಪ ಓಷನ್‌ಸೈಡ್‌ನ ಸ್ಟ್ರಾಬೆರಿ ಹೊಲಗಳಲ್ಲಿ ಹಣ್ಣು ಕೀಳುತ್ತಿದ್ದರು. ಅವರ ಜೇಬಿನಲ್ಲಿ ಸದಾ ಒಂದು ಕಲ್ಲು. ಅದರ ತೂಕ ಅವರಿಗೆ ಗೊತ್ತು. ಮೇಸ್ತ್ರಿಯ ತಕ್ಕಡಿಯ ಮೇಲೆ ಮೊದಲು ಆ ಕಲ್ಲನ್ನಿಟ್ಟು, ಮುಳ್ಳು ನೋಡಿ, ಆಮೇಲೆ ಹಣ್ಣಿನ ಪೆಟ್ಟಿಗೆ ಇಡುತ್ತಿದ್ದರು. "ಮಗಾ, ಯಾರನ್ನೂ ನಂಬ್ಬೇಡ. ಮೊದ್ಲು ತಕ್ಕಡಿನ ತೂಗು, ಆಮೇಲೆ ಮಾಲು ತೂಗು" ಎನ್ನುತ್ತಿದ್ದರು. ಅಪ್ಪನ ಮಾತಿನಲ್ಲಿ ಯಾರನ್ನೂ ನಂಬಬೇಡ ಎಂಬ ಅರ್ಧವನ್ನು ನಾನು ಚೆನ್ನಾಗಿಯೇ ಕಲಿತೆ.

ಲೊರೇನ್ ಅವರು ನಮ್ಮಲ್ಲಿಗೆ ಬಂದದ್ದು ನಾಲ್ಕು ವರ್ಷದ ಹಿಂದೆ, ಲಾಂಗ್ ಬೀಚ್‌ನ ವಿಮಾನದ ಕಾರ್ಖಾನೆಯಿಂದ. ಅವರ ದಾಂಡಿನ ತಲೆ ನಿಮಗೆಲ್ಲ ಗೊತ್ತು. ಆದರೆ ನಿಮ್ಮ ಮನೆಯವರೂ ಬಂದಿದ್ದಾರಲ್ಲ, ಅವರಿಗಾಗಿ ಹೇಳುತ್ತೇನೆ. ತಲೆಯ ಒಳಗೆಲ್ಲ ಟೊಳ್ಳು. ತಳದಲ್ಲೊಂದು ಜಾಡು, ಜಾಡಿನಲ್ಲಿ ಸರಿದಾಡುವ ಹನ್ನೆರಡು ಗ್ರಾಮಿನ ತುಂಡು. ತುಂಡನ್ನು ಹಿಮ್ಮಡಿಗೆ, ಅಂದರೆ ಕೋಲು ಸೇರುವ ಕಡೆಗೆ ಸರಿಸಿದರೆ ಚೆಂಡು ಎಡಕ್ಕೆ ವಾಲುತ್ತದೆ, ಆಚೆ ತುದಿಗೆ ಸರಿಸಿದರೆ ಬಲಕ್ಕೆ. ನಟ್ಟನಡುವೆ ನಿಲ್ಲಿಸಿದರೆ ನೆಟ್ಟಗೆ.

ಲೆಕ್ಕವೆಲ್ಲ ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದರೆ ನನಗೆ ಅನುಮಾನ ಬಾರದೆ ಇರುತ್ತದೆಯೇ? ಆಕೆ ಒಬ್ಬರೇ ಕೂತು ಊಟ ಮಾಡುತ್ತಿದ್ದರು. ನಾನು ಹತ್ತಿರ ಹೋದರೆ ಟಿಪ್ಪಣಿ ಪುಸ್ತಕದ ಮೇಲೆ ಮೊಣಕೈ ಇಡುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೊಣಕೈಯ ಕೆಳಗಿದ್ದದ್ದು ಮಗಳ ಚಿತ್ರ ಎಂದು ಎಷ್ಟೋ ದಿನದ ಮೇಲೆ ತಿಳಿಯಿತು.

ಮೊದಲ ತಲೆಯನ್ನು ಯಂತ್ರಕ್ಕೆ ಕಟ್ಟಿದೆವು. ತುಂಡು ನಡುವೆ ಇತ್ತು, ಚೆಂಡು ಎಡಕ್ಕೆ ಹೋಯಿತು. ತುದಿಗೆ ಸರಿಸಿದರೆ ಬಲಕ್ಕೆ ಹೋಗಬೇಕಾದದ್ದು ನೆಟ್ಟಗೆ ಹೋಯಿತು. ನೂರಿಪ್ಪತ್ತು ಚೆಂಡು ಹೊಡೆಸಿದೆ, ನೂರಿಪ್ಪತ್ತೂ ಅವರ ಲೆಕ್ಕಕ್ಕೆ ಒಗ್ಗಲಿಲ್ಲ. ಆಕೆ ಅಂದು ನನ್ನ ಹಿಂದೆ ನಿಂತು ಹೇಳಿದ ಮಾತು ಇದು:

"ರೋಹೆಲಿಯೊ ಅವ್ರೇ, ಯಂತ್ರದಲ್ಲೇ ಏನೋ ಐಬು ಇರ್ಬಹುದಲ್ವಾ? ಇನ್ನೊಂದ್ಸಲ ನೋಡೋಣ್ವಾ?"

"ನೋಡಮ್ಮಾ, ನೀನು ಹುಟ್ಟೋಕ್ ಮುಂಚೆಯಿಂದ ತೂಕ ಹಾಕ್ತಾ ಇದೀನಿ ನಾನು. ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ!"

ಕೊಠಡಿಯೆಲ್ಲ ನಕ್ಕಿತು. ನಾನೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ. ಆಮೇಲೆ ನಿರ್ದೇಶಕರ ಕೋಣೆಗೆ ಹೋಗಿ, "ಸಾರ್, ಈ ಹುಡುಗಿ ಸುಳ್ಳು ಅಂಕಿ ಕಟ್ಕೊಂಡು ಬಂದಿದಾಳೆ" ಎಂದೆ. ಕಟ್ಟಿಕೊಂಡು ಬಂದಿದ್ದಾಳೆ ಎನ್ನಲು ನನ್ನ ಬಳಿ ಸಾಕ್ಷಿ ಇತ್ತೇ? ಇರಲಿಲ್ಲ. ಲೊರೇನ್ ಮೂರು ವರ್ಷ ದುರಸ್ತಿ ವಿಭಾಗದಲ್ಲಿ ಮುರಿದ ಕೋಲು ಬದಲಿಸುತ್ತಾ ಕೂತರು. ಕಳೆದ ವರ್ಷ ನಿರ್ದೇಶಕರು ಮನಸ್ಸು ಮಾಡಿ, ಆಕೆ ಮತ್ತೆ ಮಾಡಿಕೊಟ್ಟ ಲೆಕ್ಕದಂತೆ ಹೊಸ ತಲೆ ಮಾಡಿಸಿದರು. ಅದು ಹೇಳಿದ ಕಡೆಗೇ ಚೆಂಡು ಕಳಿಸಿತು. ಆಕೆ ತಪ್ಪು ತಿದ್ದಿಕೊಂಡರು ಎಂದು ನಾವೆಲ್ಲ ಹೊಗಳಿದೆವು.

ಆದರೆ ಹೋದ ತಿಂಗಳು ಆಕೆ ನನ್ನ ಬಳಿ ಬಂದು, "ಆ ಹಳೇ ತಲೆ ಇನ್ನೂ ನಿಮ್ಮ ಹತ್ರ ಇದೆಯಾ?" ಎಂದು ಕೇಳಿದರು. ಈಗ ಯಾಕೆ ಕೇಳುತ್ತಾಳೆ? ಯಾರು ಹೇಳಿಕೊಟ್ಟರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೊಡುವ ಮೊದಲು ನಾನೇ ನೋಡಿಬಿಡೋಣ ಎಂದು ಶನಿವಾರ ಆ ತಲೆಯನ್ನು ಗರಗಸದಲ್ಲಿ ಎರಡು ಹೋಳು ಮಾಡಿದೆ.

ಬೆಸುಗೆಯ ಬಂಧುಗಳೇ, ತಲೆಯೊಳಗೆ ಬೆಸುಗೆಯ ಹರಳು ಸಿಕ್ಕಿಕೊಂಡು ಕಿಲಿಕಿಲಿ ಎಂದರೆ ನಾವೇನು ಮಾಡುತ್ತೇವೆ? ಹರಳು ಅಂಟಿಕೊಳ್ಳಲೆಂದು ಒಳಗೆ ಬಿಸಿ ಅಂಟು ಬಿಡುತ್ತೇವೆ. ಅಂಟು ಆರುವವರೆಗೆ ತಲೆಯನ್ನು, ಚೆಂಡಿಗೆ ಬಡಿಯುವ ಮುಖ ಕೆಳಗೆ ಮಾಡಿ, ಅಂಟು ಸಮನಾಗಿ ಹರಡುವಂತೆ ಮಲಗಿಸುತ್ತೇವೆ. ಮೊದಲ ಪರೀಕ್ಷೆಯ ದಿನವೂ ಆ ತಲೆ ಕಿಲಿಕಿಲಿ ಎಂದಿತ್ತು. ಬೆಳಿಗ್ಗೆಯೇ ತೂಗಿ ಬರೆದಿಟ್ಟಿದ್ದೆ. ಆಮೇಲೆ ಅಂಟು ಬಿಟ್ಟು, ಹಿಮ್ಮಡಿ ಕೆಳಗಾಗಿ ಇಕ್ಕಳಕ್ಕೆ ಕಚ್ಚಿಸಿ ಊಟಕ್ಕೆ ಹೋದೆ. ಬಂದವನು ಮತ್ತೆ ತೂಗಲಿಲ್ಲ, ಹಾಗೇ ಯಂತ್ರಕ್ಕೆ ಕಟ್ಟಿದೆ. ನಾನೇ ಮಾಡಿದ್ದನ್ನು ತೂಗುವುದೇನು ಎಂಬ ಸೊಕ್ಕು. ಶನಿವಾರ ನೋಡುತ್ತೇನೆ, ಅಂಟೆಲ್ಲ ಹಿಮ್ಮಡಿಯ ಮೂಲೆಯಲ್ಲಿ ಹೆಪ್ಪುಗಟ್ಟಿದೆ. ಕೆರೆದು ತೂಗಿದೆ. ಆರು ಗ್ರಾಂ. ಚೆಂಡನ್ನು ಎಡಕ್ಕೆ ಎಳೆದದ್ದು ಅದೇ.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಹೊಗಳಿ ಇಳಿದುಬಿಡಬೇಕೆಂದೇ ಬಂದೆ. ಆದರೆ ಊಟದ ಸಾಲಿನಲ್ಲಿ ಲೊರೇನ್ ನನ್ನ ಮುಂದೆ ನಿಂತಿದ್ದರು. "ಆ ತಲೆ ಯಾಕಮ್ಮಾ ಬೇಕಿತ್ತು?" ಎಂದು ಕೇಳಿದೆ. "ಲೆಕ್ಕ ಎಲ್ಲಿ ತಪ್ಪಿದೆ ಅಂತ ಇನ್ನೂ ಸಿಕ್ಕಿಲ್ಲ ರೋಹೆಲಿಯೊ ಅವ್ರೇ. ಈಗ್ಲೂ ಪ್ರತಿ ಲೆಕ್ಕ ಮೂರು ಮೂರು ಸಲ ಮಾಡ್ತೀನಿ, ಆದ್ರೂ ಭಯ ಹೋಗಲ್ಲ" ಎಂದರು. ನನ್ನ ಮೇಲೆ ಆಕೆಗೆ ಅನುಮಾನವೇ ಇರಲಿಲ್ಲ! ಅನುಮಾನವನ್ನೆಲ್ಲ ತನ್ನ ಮೇಲೇ ಹಾಕಿಕೊಂಡು ಬದುಕಿದ್ದರು. ಟಾಕೋವನ್ನು ಅರ್ಧಕ್ಕೇ ತಟ್ಟೆಯಲ್ಲಿ ಬಿಟ್ಟೆ. ಮೀನನ್ನು ಬೈದದ್ದು ಸುಮ್ಮನೆ.

ಅಧ್ಯಕ್ಷರೇ, ನಿಮ್ಮ ಮುಂದಿರುವ ಸನ್ಮಾನ ಪತ್ರವನ್ನು ಬರೆದವನು ನಾನು. ಅದರ ನಾಲ್ಕನೆಯ ಸಾಲಿನಲ್ಲಿ "ಆರಂಭದ ಲೆಕ್ಕದ ತಪ್ಪುಗಳನ್ನು ಧೈರ್ಯದಿಂದ ತಿದ್ದಿಕೊಂಡು" ಎಂದಿದೆ. ದಯವಿಟ್ಟು ಅದನ್ನು ಹೊಡೆದುಹಾಕಿ. ಅಕ್ಷರ ಕೆಟ್ಟರೆ ಕೆಡಲಿ, ಗಾಜಿನ ಚೌಕಟ್ಟು ಬಿಚ್ಚಬೇಕಾದರೆ ಬಿಚ್ಚಿ. ನಾವೆಲ್ಲ ಕಾಯುತ್ತೇವೆ.

ಲೊರೇನ್ ಅವರೇ, ನೀವು ತಿದ್ದಿಕೊಂಡದ್ದು ಏನೂ ಇಲ್ಲ. ಮೊದಲ ದಿನದ ನಿಮ್ಮ ಲೆಕ್ಕವೇ ಸರಿ. ನಾಳೆಯಿಂದ ಒಂದೇ ಸಲ ಮಾಡಿ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಚಪ್ಪಾಳೆ ನನಗೆ ಬೇಡ, ಅದು ಯಾರಿಗೆ ಸೇರಬೇಕೋ ಅವರು ಮುಂದಿನ ಸಾಲಿನಲ್ಲೇ ಇದ್ದಾರೆ. ನಮಸ್ಕಾರ.