ಬನದ ಮಣ್ಣು

ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ತಮ್ಮನ ತೊಡೆಯ ಮೇಲೆ ಮನಿಪ್ಲಾಂಟಿನ ಕುಂಡ.

"ನೀನು ಸಾಕುವ ಗೋಸುಂಬೆಗೆ ಗಾಜಿನ ಪೆಟ್ಟಿಗೆ, ಅದರೊಳಗೆ ಈ ಗಿಡ. ಸರಿ. ಪೆಟ್ಟಿಗೆಗೆ ಹಾಕಿದ ಮಣ್ಣು ಎಲ್ಲಿಂದ ತಂದೆ, ಸುಕೇಶ?"

"ನಮ್ಮ ನಾಗಬನದಿಂದ. ಅಲ್ಲಿಯ ತರಗೆಲೆಯಲ್ಲಿ ಹುಳ ಜಾಸ್ತಿ ಅಕ್ಕ. ಅವು ಹಿಕ್ಕೆ ತಿಂದು ಪೆಟ್ಟಿಗೆ ಚೊಕ್ಕ ಇಡ್ತವಂತೆ, ಸೈಬರ್ ಕೆಫೆಯಲ್ಲಿ ಓದಿದ್ದೆ."

"ಬನದ ಒಂದು ಎಲೆ ಮುಟ್ಟಲಿಕ್ಕೆ ಉಂಟಾ ಮಾರಾಯ! ನಾಡಿದ್ದು ನಾಗನಿಗೆ ತಂಬಿಲದ ಪೂಜೆ. ಪೂಜೆಗೆ ಬಂದ ಭಟ್ರು ನೀನು ತೋಡಿದ ಗುಂಡಿ ನೋಡಿದರೆ?"

"ಅದಕ್ಕೇ ನನಗೂ ನಿದ್ರೆ ಇಲ್ಲ."

"ಇವತ್ತೇ ಮಣ್ಣು ವಾಪಸ್ ಹಾಕಿ, ತಪ್ಪಾಯಿತು ಅಂತ ಕೈಮುಗಿದು ಬಾ."

"ಆಗುವುದಿಲ್ಲ ಅಕ್ಕ."

"ಎಂತಕ್ಕೆ?"

"ಬೆಳಿಗ್ಗೆ ಗೋಸುಂಬೆ ಆ ಮಣ್ಣಿನೊಳಗೆ ಮೊಟ್ಟೆ ಇಟ್ಟಿದೆ."

"ಹಾಗಾದರೆ ಮರಿ ಆಗುವವರೆಗೆ ಆ ಮಣ್ಣು ಮುಟ್ಟಬೇಡ," ಎಂದಳು ಅಕ್ಕ. ಅಂಬಲಪಾಡಿಯಲ್ಲಿ ಇಳಿಯುವಾಗ ಕುಂಡ ಅವಳ ಕೈಯಲ್ಲಿತ್ತು.