ಬಾವಿ ಹತ್ತಿರ ಬಿಡಿಸಿದ ಲೆಕ್ಕ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಫಿಲಿಪ್ಪೀನ್ಸಿನ ಪನಾಯ್ ದ್ವೀಪದ ನಮ್ಮೂರಲ್ಲಿ, ನಮ್ಮ ಪಕ್ಕದ ಮನೆಯ ಅನಲೀಸಾಗೆ ಆದದ್ದು.

ಅವತ್ತು ಕರೆಂಟ್ ಹೋಗಿತ್ತು. ಕತ್ತಲೆ ಅಂದರೆ ಕತ್ತಲೆ... ಗದ್ದೆ ಬದುವಿನ ಮೇಲೆ ಅನಲೀಸಾ ಮುಂದೆ, ಅವಳನ್ನು ಮನೆಗೆ ಬಿಡಲು ಹೊರಟ ಜೆರ್ಸನ್ ಹಿಂದೆ. ಇಬ್ಬರೂ ಒಂದೇ ಕ್ಲಾಸು. ಸಂಜೆಯಿಂದ ಅವನ ಮನೆಯಲ್ಲಿ ಕೂತು, ಬೇಯಿಸಿದ ಬಾಳೆಕಾಯಿ ತಿನ್ನುತ್ತಾ, ಕೆಮಿಸ್ಟ್ರಿ ಲೆಕ್ಕ ಬಿಡಿಸಿದ್ದರು. ಅವನಿಗೆ ಬಾರದ್ದು ಇವಳು ಹೇಳಿಕೊಡೋದು, ಇವಳಿಗೆ ಬಾರದ್ದು ಅವನು. ಒಂದು ಲೆಕ್ಕ ಮಾತ್ರ ಇಬ್ಬರಿಗೂ ಬಗ್ಗಲಿಲ್ಲ. ಬಿಟ್ಟು ಎದ್ದಿದ್ದರು.

ಸ್ಕಾಲರ್‌ಶಿಪ್ ಪರೀಕ್ಷೆ ಹತ್ತಿರ ಬಂದಿತ್ತು. ಅದು ತಪ್ಪಿದರೆ ಅನಲೀಸಾ ಮನಿಲಾದಲ್ಲಿ ಯಾರದೋ ಮನೆ ಪಾತ್ರೆ ತಿಕ್ಕಬೇಕು. ಅವಳಮ್ಮ ಆಗಲೇ ಮಾತಾಡಿಟ್ಟಿದ್ದಳು.

"ಥತ್! ಚಪ್ಪಲಿ ಬಾರು ಕಿತ್ತೋಯ್ತು" ಅಂದ ಜೆರ್ಸನ್. "ನೀನು ನಡೀತಿರೇ, ಬಂದೆ."

"ಬೇಗ ಬಾರೋ. ಮುಂದೆ ಆಲದ ಮರ ಇದೆ."

"ಪಾಪ, ನಿನ್ನ ನೋಡಿ ದೆವ್ವಾನೇ ಹೆದರ್ಕೊಳುತ್ತೆ, ಹೋಗು!"

ಅವಳು ನಕ್ಕು ಮುಂದೆ ಹೋದಳು. ಆಲದ ಮರದ ಹತ್ತಿರ ನಾವೆಲ್ಲ ಅಲ್ಲಿರೋ ಕಾಣದವರಿಗೆ 'ದಾರಿ ಬಿಡಿ, ದೊಡ್ಡೋರೇ' ಅಂತ ಹೇಳಿಯೇ ದಾಟೋದು. ಅವತ್ತು ಅನಲೀಸಾಗೆ ಮರೆತೇಹೋಯಿತು. ತಲೆಯಲ್ಲಿ ಲೆಕ್ಕ.

ಮರದ ಬುಡದಲ್ಲಿ ಹಳೇ ಬಾವಿ. ಅಲ್ಲಿಗೆ ಬಂದಾಗ ಹಿಂದೆ ಹೆಜ್ಜೆ ಕೇಳಿತು. ಪಿಚ್... ಪಿಚ್... ಪಿಚ್... ಬರಿಗಾಲಲ್ಲಿ ಬಂದನಲ್ಲ ಅಂದುಕೊಂಡಳು.

"ಎರಡು ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್" ಪಿಸುದನಿ. "ಅರ್ಧ ಲೀಟರ್ ದ್ರಾವಣ. ಮೊಲಾರಿಟಿ?"

ಅದೇ ಲೆಕ್ಕ. "ಮತ್ತೆ ಅದೇನಾ? ನಲವತ್ತರಿಂದ ಭಾಗಿಸಿದ್ರೆ... ಸೊನ್ನೆ ಪಾಯಿಂಟ್ ಸೊನ್ನೆ ಐದು."

"ಅದು ಬರೀ ಮೋಲ್. ಲೀಟರಿಂದ ಭಾಗಿಸು."

"ಅರ್ಧದಿಂದ... ಅಯ್ಯೋ, ಸೊನ್ನೆ ಪಾಯಿಂಟ್ ಒಂದು! ಈಗ ಹೆಂಗೆ ಹೊಳೀತೋ ನಿಂಗೆ?"

ಪಿಚ್... ಪಿಚ್... ತೀರ ಹತ್ತಿರ. ಬೆನ್ನಿಗೆ ತಣ್ಣನೆ ಗಾಳಿ ತಾಕಿತು. ಕೊಳೆತ ಎಲೆಯ ವಾಸನೆ.

"ಇನ್ನೊಂದು" ಅಂತು ದನಿ. "ಮೂಳೆ ನೀರಲ್ಲಿ ಕರಗೋಕೆ ಎಷ್ಟು ವರ್ಷ ಬೇಕು?"

"ಇದು ಯಾವ ಪಾಠದ್ದೋ? ನಂಗೊತ್ತಿಲ್ಲ."

"ನಂಗೂ ಗೊತ್ತಿಲ್ಲ..." ಅಂತು ದನಿ. "ನಂದಿನ್ನೂ ಕರಗಿಲ್ಲ."

ಆಗ ದೂರದಿಂದ, ಗದ್ದೆ ಬದುವಿನ ಆ ತುದಿಯಿಂದ, ಜೆರ್ಸನ್ ಕೂಗಿದ.

"ಏ ಅನಲೀಸಾ! ನಿಲ್ಲೇ! ಬಾರು ಸರಿ ಹೋಯ್ತು, ಬಂದೆ!"

ಅವಳು ತಿರುಗಿ ನೋಡಲಿಲ್ಲ, ಅದೊಂದು ಒಳ್ಳೇದು ಮಾಡಿದಳು. ಎದ್ದೆನೋ ಬಿದ್ದೆನೋ ಅಂತ ಓಡಿದಳು. ಹಿಂದೆ ಯಾರೂ ಓಡಿ ಬರಲಿಲ್ಲ. ಬಾವಿಯೊಳಗೆ ಮಾತ್ರ ಏನೋ ಇಳಿದ ಸದ್ದು... ಗುಳುಕ್.

ಜೆರ್ಸನ್ ಏದುಸಿರು ಬಿಡುತ್ತಾ ಅವಳ ಮನೆಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಅವನ ಕೈ ಗಟ್ಟಿಯಾಗಿ ಹಿಡಿದು ಒಂದೇ ಮಾತು ಅಂದಳು: "ಕೊನೇಲಿ ಲೀಟರಿಂದ ಭಾಗಿಸ್ಬೇಕು ಕಣೋ. ಮರೀಬೇಡ."

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಇಬ್ಬರೂ ಪಾಸಾದರು. ಅನಲೀಸಾ ಈಗ ಇಲೊಯಿಲೊ ಪಟ್ಟಣದ ಕಾಲೇಜಲ್ಲಿದ್ದಾಳೆ. ರಜೆಗೆ ಬಂದರೆ ಸುತ್ತು ದಾರಿಯಲ್ಲೇ ಬರುತ್ತಾಳೆ.

ಆದರೆ ನಾನು ಹೇಳಬೇಕಾದ್ದು ಆ ರಾತ್ರಿಯ ಮರುದಿನದ್ದು. ಬೆಳಗ್ಗೆ ಅವಳಮ್ಮ, ಅವಳು ರಾತ್ರಿ ತೊಟ್ಟಿದ್ದ ಅಂಗಿಯನ್ನು ಬೋಗುಣಿಗೆ ಹಾಕಿ ಒಗೆಯಲು ಕೂತಳು. ಬೆನ್ನಿನ ಮೇಲೆ ಬಿಳೀ ಗುರುತು, ಐದು ಬೆರಳು. ಸೋಪು ಹಾಕಿ ಉಜ್ಜಿದಳು, ಹೋಗಲಿಲ್ಲ. ಕೊನೆಗೆ ಅಡುಗೆಮನೆಯಿಂದ ತೆಂಗಿನ ವಿನೆಗರ್ ತಂದು ಸುರಿದಳು.

ಚುಸ್ಸ್... ಅಂತ ಐದು ಬೆರಳಿನ ಮೇಲೂ ನೊರೆ ಎದ್ದಿತು, ಮೂಳೆ ಪುಡಿಗೆ ಹುಳಿ ಬಿದ್ದರೆ ಏಳುತ್ತಲ್ಲ, ಹಾಗೆ.

ಸುಳ್ಳಲ್ಲ. ಬೋಗುಣಿ ಹಿಡಿದಿದ್ದವಳು ನಾನೇ.